ಸದರಿ ಮೊಳೆ

ನಮ್ಮ ಸ್ಲೂಟ್‌ವೈಕ್ ಪಟ್ಟಣದಲ್ಲಿ ನಾನೂರ ಹನ್ನೆರಡು ಮನೆಗಳಿದ್ದು, ನಾನೂರ ಹನ್ನೆರಡು ಮನೆಗಳ ಶೌಚಗೃಹದಲ್ಲೂ, ಕೂತವರ ಕಣ್ಣಿಗೆ ನೇರವಾಗಿ, ಹುಟ್ಟುಹಬ್ಬದ ಕ್ಯಾಲೆಂಡರ್ ಒಂದು ನೇತಾಡುತ್ತಿರುತ್ತದೆ. ಅದರಲ್ಲಿ ವಾರವಿಲ್ಲ, ವರ್ಷವಿಲ್ಲ. ತಿಂಗಳು, ತಾರೀಖು, ಹೆಸರು, ಅಷ್ಟೇ. ನೆಂಟರಿಷ್ಟರ ಹುಟ್ಟಿದ ದಿನ ಮರೆತರೆ ನಮ್ಮಲ್ಲಿ ಕ್ಷಮೆ ಇಲ್ಲ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ ಎಲ್ಲರೂ ಹೋಗಿಯೇ ಹೋಗುವ ಜಾಗದಲ್ಲಿ ಅದನ್ನು ತೂಗುಹಾಕುತ್ತೇವೆ. ಇದು ಸರ್ಕಾರದ ನಿಯಮವಲ್ಲ. ಸರ್ಕಾರದ ನಿಯಮವಾಗಿದ್ದರೆ ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿರಲಿಲ್ಲ.

ನಾನು, ಬೌಕೆ ಹಾಖ್ಸ್‌ಮಾ, ಸದರಿ ಪಟ್ಟಣದ ಮನೆ ವೈರಿಂಗ್ ವ್ಯಾಜ್ಯ ಇತ್ಯರ್ಥ ಸಮಿತಿಯ ಕಾರ್ಯದರ್ಶಿ. ಎಲೆಕ್ಟ್ರಿಷಿಯನ್ ಕೆಲಸ ಮಾಡಿದ, ಮನೆಯವರು ದುಡ್ಡು ಕೊಡಲಿಲ್ಲ. ಮನೆಯವರು ದುಡ್ಡು ಕೊಟ್ಟರು, ಮಾಡಿದ ಕೆಲಸ ಸುಟ್ಟುಹೋಯಿತು. ಇಂಥವೆಲ್ಲ ನಮ್ಮ ಮೇಜಿಗೆ ಬರುತ್ತವೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಕಡತವನ್ನೂ ನಾನು ಅವಸರದಲ್ಲಿ ಮುಚ್ಚಿದವನಲ್ಲ. ಮೊಳೆಯ ಪ್ರಕರಣದ ಬಗ್ಗೆ ಪಕ್ಕದ ಊರಿನವರು ಬಾಯಿಗೆ ಬಂದಂತೆ ಆಡಿಕೊಂಡು ನಗುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ದಾಖಲಿಸುತ್ತಿದ್ದೇನೆ. ನಗುವಂಥದ್ದು ಇದರಲ್ಲಿ ಏನೂ ಇಲ್ಲ.

ಅರ್ಜಿದಾರರು ಶ್ರೀಮತಿ ಟ್ರೈನ್ಚೆ ಬೋಲ್‌ಹಾಯ್ಸ್. ಕಾಲುವೆಯ ಸೇತುವೆ ಎತ್ತಿಳಿಸುವ ಕೆಲಸದಿಂದ ನಿವೃತ್ತರು, ಒಂಟಿ, ಕುಳ್ಳು ದೇಹ, ದೊಡ್ಡ ಗಂಟಲು. ಎದುರುದಾರರು ವೀಬೆ ಡೈಕೆಮಾ, ಎಲೆಕ್ಟ್ರಿಷಿಯನ್, ಎರಡು ಮೀಟರಿಗೆ ಎರಡೇ ಬೆರಳು ಕಮ್ಮಿ ಎತ್ತರದ ಆಸಾಮಿ. ಚಿಕ್ಕಂದಿನಲ್ಲಿ ಆಕೆಯ ಪಕ್ಕದ ಮನೆಯಲ್ಲೇ ಆಡಿ ಬೆಳೆದವನಾದ್ದರಿಂದ ಇವತ್ತಿಗೂ ಆಕೆಯನ್ನು ಚಿಕ್ಕಮ್ಮ ಅನ್ನುತ್ತಾನೆ. ಸೆಪ್ಟೆಂಬರಿನಲ್ಲಿ ವೀಬೆ ಆಕೆಯ ಪುಟ್ಟ ಮನೆಗೆ ಪೂರ್ತಿ ಹೊಸ ವೈರಿಂಗ್ ಮಾಡಿದ. ಸಾವಿರದ ಎಂಟುನೂರ ನಲವತ್ತು ಯೂರೋದ ಬಿಲ್ಲು ಅಡುಗೆಮನೆ ಮೇಜಿನ ಮೇಲಿಟ್ಟು ಹೋದ. ಟ್ರೈನ್ಚೆ ಅವರು ದುಡ್ಡು ಕೊಡುವ ಮುಂಚೆ, ಸುಣ್ಣಬಣ್ಣಕ್ಕೆಂದು ತೆಗೆದಿದ್ದ ಕ್ಯಾಲೆಂಡರನ್ನು ಮೊದಲಿನ ಜಾಗದಲ್ಲೇ ತೂಗುಹಾಕೋಣವೆಂದು ಶೌಚಗೃಹಕ್ಕೆ ಹೋಗಿ ಒಂದು ಮೊಳೆ ಹೊಡೆದರು. ಟಪ್ ಅಂತು. ಮನೆಯೆಲ್ಲ ಕತ್ತಲಾಯಿತು.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ನಡೆದ ಮಾತುಕತೆಯನ್ನು ಏಳು ಮಂದಿ ಸಾಕ್ಷಿಗಳು ಕೇಳಿಸಿಕೊಂಡಿದ್ದಾರೆ. ಏಳರಲ್ಲಿ ನಾನೂ ಒಬ್ಬ.

"ಲೋ ವೀಬೆ, ನಲವತ್ತೇಳು ವರ್ಷದಿಂದ ಅಲ್ಲೇ ಮೊಳೆ ಇತ್ತು ಕಣೋ! ನೀನೇ ಕಿತ್ತೆ, ನೀನೇ ಗಾರೆ ಮೆತ್ತಿದೆ, ನೀನೇ ಅದರೊಳಗೆ ವೈರು ಎಳ್ದೆ. ಇದ್ದ ಜಾಗಕ್ಕೇ ವಾಪಸ್ ಹೊಡ್ದಿದೀನಿ. ನನ್ ತಪ್ಪೇನು ಹೇಳು?"

"ಅಲ್ಲ ಚಿಕ್ಕಮ್ಮ, ಸ್ವಿಚ್ಚು ಎಲ್ಲಿದ್ಯೋ ಅದರ ನೆಟ್ಟಗೆ ಮೇಲೆ ವೈರು ಹೋಗತ್ತೆ. ಎಲ್ಲಾ ಕಡೆ ಹಾಗೇನೇ. ಸ್ವಿಚ್ಚಿನ ತಲೆ ಮೇಲೆ ಯಾರಾದ್ರೂ ಮೊಳೆ ಹೊಡೀತಾರಾ?"

"ಕ್ಯಾಲೆಂಡರ್ ಕೆಳಗೆ ಯಾರಾದ್ರೂ ಸ್ವಿಚ್ ಇಡ್ತಾರಾ? ಬಿಲ್ಲಂತೆ ಬಿಲ್ಲು! ಕತ್ತಲೆಗೆ ದುಡ್ಡು ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಮೊದಲು ಹಳೇ ಬಿಲ್ಲು ಕೊಡಿ, ಆಮೇಲೆ ಮೊಳೆ ಕೀಳ್ತೀನಿ. ಐದು ನಿಮಿಷದ ಕೆಲಸ."

"ಮೊದಲು ಮೊಳೆ ಕೀಳು, ಆಮೇಲೆ ಬಿಲ್ಲು."

ಇಬ್ಬರ ಮಾತೂ ಸರಿಯಾಗಿತ್ತು. ಒಬ್ಬರದು ಮಾತ್ರ ಸರಿಯಿದ್ದರೆ ಅದು ಕೋರ್ಟಿಗೆ ಹೋಗುವ ಪ್ರಕರಣ; ಇಬ್ಬರದೂ ಸರಿಯಿದ್ದರೆ ನಮ್ಮದು. ಅವತ್ತೇ ಮಧ್ಯಾಹ್ನ ಟ್ರೈನ್ಚೆ ಅವರು ಬಂದು ಅರ್ಜಿ ತುಂಬಿದರು. "ಪರಿಹಾರವಾಗಿ ಏನನ್ನು ಅಪೇಕ್ಷಿಸುತ್ತೀರಿ" ಎಂಬ ಹನ್ನೆರಡನೆಯ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಜನ ದುಡ್ಡಿನ ಮೊತ್ತ ಬರೆಯುತ್ತಾರೆ. ಆಕೆ ಬರೆದದ್ದು ಇಷ್ಟು: "ನವೆಂಬರ್ 14ಕ್ಕೆ ನನಗೆ ಎಂಬತ್ತು ತುಂಬುತ್ತದೆ. ಅವತ್ತು ನನ್ನ ಮನೆಯಲ್ಲಿ ದೀಪ ಉರಿಯಬೇಕು."

"ಬೇರೆ ಏನೂ ಬೇಡವಾ ಮೇಡಂ?" ಎಂದೆ.

"ಬೇರೆ ಏನು ಬೇಕಪ್ಪಾ ಬೌಕೆ? ಹತ್ತು ವರ್ಷದಿಂದ ನನ್ನ ಹುಟ್ಟುಹಬ್ಬಕ್ಕೆ ಮೂರು ಜನ ಬರ್ತಿದ್ರು. ಅದರಲ್ಲಿ ಒಬ್ಬ ಅಂಚೆಯವನು. ಈ ಸಲ ಎಂಬತ್ತು ಅಂತ ಇಪ್ಪತ್ಮೂರು ಜನ ಬರ್ತೀವಿ ಅಂದಿದಾರೆ. ಕುರ್ಚಿ ಎಲ್ಲಾ ಗುಂಡಗೆ ಹಾಕಿ, ಕಾಫಿ ಕೊಟ್ಟು, ಕೇಕು ಕೊಟ್ಟು, ನನ್ನ ಮನೇಲಿ ನನ್ನ ದೀಪದ ಕೆಳಗೆ ಕೂರಿಸ್ಕೋಬೇಕು. ಕತ್ತಲೇಲಿ ಕೂರ್ಸಿದ್ರೆ ಅದು ಹುಟ್ಟುಹಬ್ಬ ಆಗಲ್ಲ, ಬೇರೇದೇ ಕಾರ್ಯ ಆಗತ್ತೆ."

ಅರ್ಜಿಗೆ ಮುದ್ರೆ ಒತ್ತಿದೆ. ನವೆಂಬರ್ 14ಕ್ಕೆ ಇನ್ನೂ ಏಳು ವಾರವಿತ್ತು. ಏಳು ವಾರದಲ್ಲಿ ಏನು ಬೇಕಾದರೂ ಆಗಬಹುದೆಂದು ನಾನು ಆಗ ನಿಜಕ್ಕೂ ನಂಬಿದ್ದೆ.

ನಮ್ಮ ನಿಯಮಾವಳಿಯ ಒಂಬತ್ತನೆಯ ಕಲಮಿನ ಪ್ರಕಾರ ವಿವಾದಿತ ವಸ್ತುವೇ ಸಾಕ್ಷ್ಯ. ಅದನ್ನು ಯಾರೂ ಮುಟ್ಟತಕ್ಕದ್ದಲ್ಲ. ಅಧ್ಯಕ್ಷೆ ಆಲೀಡಾ ಸ್ಟೆಖೆಮಾನ್, ಸದಸ್ಯರಾದ ನಿವೃತ್ತ ದರ್ಜಿ ಲ್ಯೂಬರ್ಟ್ ಪೋಸ್ಟ್‌ಮಾ ಮತ್ತು ನಾನು ಸ್ಥಳಕ್ಕೆ ಹೋಗಿ ಮಹಜರು ನಡೆಸಿದೆವು. ಶೌಚಗೃಹ ಒಬ್ಬರಿಗೆ ಆಗುವಷ್ಟೇ ಇದ್ದದ್ದರಿಂದ ಮೂವರೂ ಸರದಿಯಲ್ಲಿ ಒಳಗೆ ಹೋಗಿ, ಸರದಿಯಲ್ಲಿ ಅಭಿಪ್ರಾಯಪಟ್ಟೆವು. ಮೊಳೆಯ ಸುತ್ತ ಕೆಂಪು ಪಟ್ಟಿ ಅಂಟಿಸಿ ಮೊಹರು ಮಾಡಲಾಯಿತು. ಮೊಳೆ ವೈರಿನಲ್ಲಿ ಇರುವತನಕ ಮನೆಗೆ ಕರೆಂಟು ಬರುವುದಿಲ್ಲ, ಮೊಳೆ ಕೀಳಲು ಮೊಹರು ಬಿಡುವುದಿಲ್ಲ. ಹೀಗೆ ಪರಿಸ್ಥಿತಿ ಸ್ಪಷ್ಟವಾಯಿತು.

"ಮತ್ತೆ ನಾನು ಟಾಯ್ಲೆಟ್ಟಿಗೆ ಎಲ್ಲಿಗೆ ಹೋಗ್ಲಿ?" ಎಂದು ಟ್ರೈನ್ಚೆ ಅವರು ಕೇಳಿದರು.

ಸಮಿತಿ ನಿರ್ದಯಿಯಲ್ಲ. ಶೌಚಗೃಹದ ಬಾಗಿಲಿಗೆ ಒಂದು ವಹಿ ಕಟ್ಟಿ ಕೊಟ್ಟೆವು. ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, "ಸದರಿ ಮೊಳೆಯನ್ನು ನಾನು ಮುಟ್ಟಿರುವುದಿಲ್ಲ" ಎಂಬ ಹೇಳಿಕೆ, ಸಹಿ. ಪ್ರತಿ ಶುಕ್ರವಾರ ನಾನೇ ಹೋಗಿ ವಹಿ ಪರಿಶೀಲಿಸುತ್ತಿದ್ದೆ. ಒಂದು ಮಂಗಳವಾರ ಆಕೆ ಒಳಗೆ ಹೋಗಿದ್ದು ನಮೂದಾಗಿ, ಹೊರಗೆ ಬಂದದ್ದು ನಮೂದಾಗಿರಲಿಲ್ಲ. ತಾಂತ್ರಿಕವಾಗಿ ಆಕೆ ಇನ್ನೂ ಒಳಗೇ ಇದ್ದರು. ನಾಲ್ಕು ಸಾಲಿನ ವಿವರಣೆ ಪಡೆದು ಹೊರಗೆ ತಂದೆ.

ಮೊದಲ ವಿಚಾರಣೆ ಅಕ್ಟೋಬರ್ ಮೂರರಂದು. ಕ್ಯಾಲೆಂಡರ್ ಎಲ್ಲಿರುತ್ತದೆ ಎಂಬುದನ್ನು ಎಲೆಕ್ಟ್ರಿಷಿಯನ್ ಮೊದಲೇ ಊಹಿಸಬಹುದಿತ್ತೇ ಎಂಬುದು ಮುಖ್ಯ ಪ್ರಶ್ನೆ ಎಂದು ಅಧ್ಯಕ್ಷೆ ಹೇಳಿದರು. ಕೂತವರ ಕಣ್ಣಿನ ಎತ್ತರ ಎಷ್ಟು? ಅದಕ್ಕೆ ಪ್ರಮಾಣಿತ ಅಳತೆ ಉಂಟೇ?

"ನಮ್ ಮನೇಲಿ ನಾನು ಕೂತ್ರೆ ಒಂದು ಮೀಟರ್ ಮೂವತ್ನಾಲ್ಕು," ಎಂದ ವೀಬೆ.

"ನೀನು ಕೂತ್ರೂ ದೀಪದ ಕಂಬಾನೇ," ಎಂದರು ಟ್ರೈನ್ಚೆ. "ನಂದು ಒಂದು ಮೀಟರ್ ಒಂಬತ್ತು. ಮೊಳೆ ಅಲ್ಲೇ ಇದೆ, ನೋಡ್ಕೊಳ್ಳಿ."

ವೀಬೆ ಎದ್ದು ನಿಂತ. "ಮೇಡಂ, ಒಂದ್ ಮಾತು. ವೈರು ಸ್ವಿಚ್ಚಿಂದ ಸೂರಿನ ತನಕ ನೆಟ್ಟಗೆ ಹೋಗತ್ತೆ. ಒಂದು ಮೀಟರಿಗೆ ಹೊಡೆದ್ರೂ ತಗಲತ್ತೆ, ಎರಡು ಮೀಟರಿಗೆ ಹೊಡೆದ್ರೂ ತಗಲತ್ತೆ. ಎತ್ತರ ಅಳೆದು ಏನ್ ಮಾಡ್ತೀರಿ?"

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. "ಈ ಆಕ್ಷೇಪಣೆ ಗಂಭೀರವಾದದ್ದು. ಎತ್ತರ ಅಳೆದು ಮುಗಿದ ಮೇಲೆ ಪರಿಗಣಿಸಲಾಗುವುದು," ಎಂದರು. ಪಟ್ಟಣದ ಎಲ್ಲ ಮನೆಗಳ ಶೌಚಗೃಹಗಳಲ್ಲೂ ಕುಳಿತು ಅಳತೆ ತೆಗೆಯುವುದೆಂದು ಠರಾವಾಯಿತು.

ಈ ಅಳತೆಯ ಕೆಲಸ ಎಷ್ಟು ಕಷ್ಟದ್ದೆಂದು ನಗುವವರಿಗೆ ಗೊತ್ತಿಲ್ಲ. ಲ್ಯೂಬರ್ಟ್ ಅವರು ಟೇಪು ಹಿಡಿದು ಕೂರುವುದು, ನಾನು ಬಾಗಿಲ ಸಂದಿಯಿಂದ ಅಂಕಿ ಬರೆದುಕೊಳ್ಳುವುದು. ಪ್ರತಿ ಮನೆಯಲ್ಲೂ ಕಾಫಿ, ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು, ತಕ್ಷಣ ಡಬ್ಬಿಯ ಮುಚ್ಚಳ ಬಂದ್. ದಿನಕ್ಕೆ ಹತ್ತು ಮನೆ ಅಂದುಕೊಂಡಿದ್ದೆವು. ಹತ್ತು ಮನೆಯ ಕಾಫಿ ಕುಡಿದ ಮೇಲೆ ಅಳತೆಗಲ್ಲದೆಯೂ ಕೂರಬೇಕಾಗುತ್ತಿತ್ತು, ಅದರಿಂದ ತಡವಾಯಿತು.

ಆದರೆ ನಿಜವಾದ ಅಡಚಣೆ ಬೇರೆಯೇ. ನಾನೂರ ಹನ್ನೆರಡು ಕ್ಯಾಲೆಂಡರುಗಳನ್ನು ಹತ್ತಿರದಿಂದ ನೋಡುವ ಅವಕಾಶ ಈ ಊರಿನಲ್ಲಿ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಈ ಊರಿಗಾಗಿ ಬೆನ್ನು ಬಗ್ಗಿಸಿದ ನನ್ನ ಹುಟ್ಟುಹಬ್ಬ ಎಷ್ಟು ಮನೆಯಲ್ಲಿ ಬರೆದಿತ್ತು ಗೊತ್ತೇ? ಹನ್ನೊಂದು. ಅದರಲ್ಲೂ ಎರಡರಲ್ಲಿ ತಪ್ಪು ತಾರೀಖು. ಅಧ್ಯಕ್ಷೆಯವರ ಹೆಸರನ್ನು ಅವರ ಸ್ವಂತ ನಾದಿನಿ ಬರೆದು, ಆಮೇಲೆ ಮಸಿಯಿಂದ ಎರಡು ಗೀಟು ಎಳೆದಿದ್ದಳು. ಅವತ್ತು ನಮ್ಮ ಜೊತೆ ಬಂದಿದ್ದ ಅಧ್ಯಕ್ಷೆ ಆ ಮನೆಯಿಂದ ಹೊರಬಂದವರೇ ಹನ್ನೆರಡು ದಿನ ರಜೆ ಹಾಕಿದರು. ನಾನು ರಜೆ ಹಾಕಲಿಲ್ಲ. ಆದರೆ ಹೊಟ್ಟೆ ಉರಿಯಿತು, ಅದನ್ನೇನು ಮುಚ್ಚಿಡಲಿ?

ನವೆಂಬರ್ ಆರನೇ ತಾರೀಖು. ಅಳೆದದ್ದು ನೂರ ಅರವತ್ತು ಮನೆ. ಸಂಜೆ ಐದಕ್ಕೇ ಕತ್ತಲಾಗುವ ಕಾಲ ಬಂದಿತ್ತು. ಟ್ರೈನ್ಚೆ ಅವರು ಹೆಗಲಿಗೆ ಕಂಬಳಿ ಹೊದ್ದೇ ಕಚೇರಿಗೆ ಬಂದರು. ಹಿಂದೆಯೇ ಬಾಗಿಲಿಗೆ ತಲೆ ತಗ್ಗಿಸಿಕೊಂಡು ವೀಬೆ.

"ಬೌಕೆ, ಸಾಕಪ್ಪಾ ಸಾಕು. ಬಿಲ್ಲು ಪೂರ್ತಿ ಕೊಡ್ತೀನಿ. ಇಗೋ, ತಂದಿದೀನಿ."

"ನನಗೆ ಬಿಲ್ಲೇ ಬೇಡ," ಎಂದ ವೀಬೆ. "ಚಿಕ್ಕಮ್ಮ ದಿನಾ ಟಾರ್ಚ್ ಹಿಡ್ಕೊಂಡು ಆಲೂಗೆಡ್ಡೆ ಸಿಪ್ಪೆ ತೆಗೀತಾರೆ, ನನ್ ಕೈಲಿ ನೋಡೋಕಾಗಲ್ಲ. ಮೊಹರು ಬಿಚ್ಚಿ, ಐದೇ ನಿಮಿಷ."

"ದುಡ್ಡು ತಗೊಳ್ಳೋ ಮೂದೇವಿ, ಕೆಲ್ಸ ಮಾಡಿದೀಯ."

"ಬೇಡ ಅಂದ್ನಲ್ಲ ಚಿಕ್ಕಮ್ಮ!"

ಈಗ ನೋಡಿ, ದುಡ್ಡು ಕೊಡುತ್ತೇನೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು. ಇದು ಹೊಸ ವ್ಯಾಜ್ಯವಾದ್ದರಿಂದ ಇದಕ್ಕೆ ಬೇರೆ ಸಂಖ್ಯೆ ಕೊಟ್ಟೆ. ಅದಲ್ಲದೆ ಹದಿನೇಳನೆಯ ಕಲಮಿನ ಪ್ರಕಾರ ರಾಜಿ ಅರ್ಜಿ ಮೂರು ಪ್ರತಿಯಲ್ಲಿರಬೇಕು, ಸಲ್ಲಿಸಿದ ಮೇಲೆ ಆರು ವಾರ ಕಾಯಬೇಕು. ಆವೇಶದಲ್ಲಿ ಯಾರೂ ರಾಜಿಯಾಗಿಬಿಡಬಾರದೆಂಬುದು ಕಲಮಿನ ಉದ್ದೇಶ. ಶಾಂತವಾಗಿ ಇದನ್ನೆಲ್ಲ ವಿವರಿಸಿದೆ.

"ಆರು ವಾರ? ನನ್ ಹುಟ್ಟುಹಬ್ಬ ಮುಂದಿನ ವಾರ ಗುರುವಾರ ಕಣಯ್ಯಾ!"

"ಸಮಿತಿಗೆ ಅದರ ಅರಿವಿದೆ ಮೇಡಂ."

"ಅರಿವಿದ್ಯಂತೆ ಅರಿವು! ಹಂಗಾದ್ರೆ ಒಂದ್ ಕೆಲ್ಸ ಮಾಡಿ. ನನ್ನ ಹುಟ್ಟುಹಬ್ಬಾನೇ ಮುಂದಕ್ಕೆ ಹಾಕ್ಬಿಡಿ!"

ಆಕೆ ಬಾಗಿಲು ದಢಾರ್ ಎಂದು ಎಳೆದುಕೊಂಡು ಹೋದರು. ನಾನು ಅದನ್ನು ಮೌಖಿಕ ಅರ್ಜಿಯೆಂದು ದಾಖಲಿಸಿದೆ. ರಜೆ ಮುಗಿಸಿ ಬಂದ ಅಧ್ಯಕ್ಷೆ ಓದಿ, "ಐವತ್ತು ವರ್ಷದಲ್ಲಿ ಈ ಸಮಿತಿಗೆ ಬಂದ ಅತ್ಯಂತ ವಿವೇಕದ ಅರ್ಜಿ ಇದು," ಎಂದು ಸಹಿ ಹಾಕಿದರು. ಮರುದಿನ ಊರಿನ ಫಲಕಗಳ ಮೇಲೆ ಈ ಪ್ರಕಟಣೆ ಅಂಟಿಸಲಾಯಿತು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಶ್ರೀಮತಿ ಟ್ರೈನ್ಚೆ ಬೋಲ್‌ಹಾಯ್ಸ್ ಅವರ ಎಂಬತ್ತನೆಯ ಹುಟ್ಟುಹಬ್ಬವನ್ನು, ಅವರ ಸ್ವಂತ ಕೋರಿಕೆಯ ಮೇರೆಗೆ, ವಿವಾದಿತ ಮೊಳೆಯ ಅಂತಿಮ ಇತ್ಯರ್ಥದವರೆಗೆ ಮುಂದೂಡಲಾಗಿದೆ. ಅಲ್ಲಿಯವರೆಗೆ ಸದರಿಯವರಿಗೆ ಎಪ್ಪತ್ತೊಂಬತ್ತು ವರ್ಷವೆಂದೇ ಭಾವಿಸತಕ್ಕದ್ದು. ದಿನಾಂಕ 14ರಂದು ಸದರಿಯವರಿಗಾಗಲಿ, ಊರಿನ ವಾಡಿಕೆಯಂತೆ ಅವರ ನೆಂಟರಿಗಾಗಲಿ, ನೆರೆಯವರಿಗಾಗಲಿ ಶುಭಾಶಯ ಹೇಳತಕ್ಕದ್ದಲ್ಲ. ಬಾಯಿತಪ್ಪಿ ಹೇಳಿದಲ್ಲಿ ಲಿಖಿತವಾಗಿ ಹಿಂಪಡೆಯತಕ್ಕದ್ದು."

ಲ್ಯೂಬರ್ಟ್ ಅವರೂ ನಾನೂ ಮನೆಮನೆಗೂ ಹೋಗಿ ಕ್ಯಾಲೆಂಡರುಗಳಲ್ಲಿ ಆಕೆಯ ಹೆಸರನ್ನು ನವೆಂಬರಿನಿಂದ ಅಳಿಸಿದೆವು. ಎಲ್ಲಿ ಬರೆಯುವುದು ಎಂಬ ಪ್ರಶ್ನೆ ಎದ್ದಿತು. ಜನವರಿಯಲ್ಲೂ ಬರೆಯುವ ಹಾಗಿಲ್ಲ, ಜೂನಿನಲ್ಲೂ ಬರೆಯುವ ಹಾಗಿಲ್ಲ. ಕೊನೆಗೆ ಡಿಸೆಂಬರಿನ ಹಿಂದೆ ಹದಿಮೂರನೆಯ ಹಾಳೆಯೊಂದನ್ನು ಮುದ್ರಿಸಿ ಅಂಟಿಸಿದೆವು. ತಾರೀಖಿಲ್ಲದ ಹಾಳೆ, ಮೇಲೆ "ಇತ್ಯರ್ಥಕ್ಕೆ ಬಾಕಿ" ಎಂಬ ತಲೆಬರಹ, ಕೆಳಗೆ ಒಂದೇ ಹೆಸರು.

ಹದಿನಾಲ್ಕನೇ ತಾರೀಖು ಪ್ರಕಟಣೆಯ ಪ್ರಕಾರವೇ ನಡೆಯಿತು. ಯಾರೂ ಬರಲಿಲ್ಲ. ಟ್ರೈನ್ಚೆ ಅವರು ಒಳ್ಳೆಯ ನೀಲಿ ಅಂಗಿ ತೊಟ್ಟು ಕಿಟಕಿಯ ಪಕ್ಕ ಕೂತಿದ್ದರು. ಹೋಗುವವರು ಬರುವವರು ಕೈಬೀಸಿ, ಬಾಯಿ ಬಿಗಿಹಿಡಿದು ಮುಂದೆ ಹೋದರು. ಉಲ್ಲಂಘನೆಯಾಗದಂತೆ ನೋಡಿಕೊಳ್ಳಲು ನಾನು ಎದುರು ಪಾದಚಾರಿ ದಾರಿಯಲ್ಲಿ ನಿಂತಿದ್ದೆ. ಮೂರು ಗಂಟೆಗೆ ವೀಬೆ ಬಂದು ಗೇಟಿನ ಹತ್ತಿರ ನಿಂತ. ಕೈಯಲ್ಲಿ ಏನೋ ಪೊಟ್ಟಣ.

"ಚಿಕ್ಕಮ್ಮ... ಇವತ್ತು..."

"ಇವತ್ತು ಗುರುವಾರ ಕಣೋ."

ವೀಬೆ ನನ್ನ ಕಡೆ ನೋಡಿದ. "ಹೌದು, ಗುರುವಾರ. ಗುರುವಾರದ ಶುಭಾಶಯ ಚಿಕ್ಕಮ್ಮ," ಎಂದ.

ಆಕೆ ಅತ್ತರು. ಎಂಬತ್ತರ ಮುದುಕಿ ಅತ್ತರೆ ಯಾರಿಗೆ ಸಂಕಟವಾಗುವುದಿಲ್ಲ? ಆದರೆ ಆಕೆಗೆ ಎಂಬತ್ತಾಗಿರಲಿಲ್ಲ, ಎಪ್ಪತ್ತೊಂಬತ್ತು. ಗುರುವಾರಕ್ಕೆ ಶುಭಾಶಯ ಹೇಳುವುದು ಉಲ್ಲಂಘನೆಯೇ ಎಂದು ನಿಯಮಾವಳಿ ನೋಡಿದೆ. ಅಲ್ಲ. ಸುಮ್ಮನೆ ಮನೆಗೆ ಹೋದೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಐವತ್ತು ತುಂಬಿದವರ ಮನೆಯ ಮುಂದೆ ನಮ್ಮಲ್ಲಿ ಬಟ್ಟೆಯ ದೊಡ್ಡ ಗೊಂಬೆ ಕೂರಿಸಿ, ಇಂಥವರಿಗೆ ಐವತ್ತಾಯಿತೆಂದು ಇಡೀ ಬೀದಿಗೆ ಸಾರುವುದು ವಾಡಿಕೆ. ಡಿಸೆಂಬರ್ ಎರಡನೇ ವಾರ ಐವತ್ತು ತುಂಬಬೇಕಿದ್ದ ಬೇಕರಿಯ ಯಜಮಾನತಿ ನಮ್ಮ ಕಚೇರಿಗೆ ಬಂದು, ನಿನ್ನೆ ಕ್ಯಾಲೆಂಡರಿಗೆಂದು ಮೊಳೆ ಹೊಡೆದೆ, ಟಪ್ ಅಂತು ಎಂದಳು.

"ಎಲ್ಲಿ ಹೊಡೆದಿರಿ?"

"ಸ್ವಿಚ್ಚಿನ ನೆಟ್ಟಗೆ ಮೇಲೆ," ಎಂದಳು, ಕೇಳುವ ಮುಂಚೆಯೇ ಬರೆದು ತಂದಿದ್ದ ಅರ್ಜಿ ಮುಂದಿಡುತ್ತಾ. "ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಲ್ಲ. ನನ್ ಹುಟ್ಟುಹಬ್ಬ ಮುಂದಕ್ಕೆ ಹಾಕ್ತೀರಲ್ಲ?"

ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡದಿದ್ದರೆ ಪಕ್ಷಪಾತವಾಗುತ್ತದೆ. ಕೊಟ್ಟೆವು. ಕ್ರಿಸ್‌ಮಸ್ ಹೊತ್ತಿಗೆ ಹತ್ತೊಂಬತ್ತು ಅರ್ಜಿ. ಫೆಬ್ರವರಿಯಲ್ಲಿ ಎಂಬತ್ತೆಂಟು. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಖಾಲಿಯಾಗಿ, ತಲೆಗೆ ಎರಡರಂತೆ ಹಂಚಿದರು. ಮೂವತ್ತು, ನಲವತ್ತು, ಅರವತ್ತು ತುಂಬುವವರೆಲ್ಲ ಗೋಡೆಗೆ ಕಿವಿಯಿಟ್ಟು ವೈರು ಹುಡುಕತೊಡಗಿದರು. ಏನೂ ತಿಳಿಯದವರು ವೀಬೆಯನ್ನೇ ಕರೆಸಿ, "ಎಲ್ಲಿ ಹೊಡೀಬಾರ್ದು, ಸ್ವಲ್ಪ ಗುರುತು ಹಾಕಿಕೊಡಪ್ಪಾ" ಎಂದು ಕೇಳಿ, ಅವನು ಗುರುತು ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ಹೊಡೆಯುತ್ತಿದ್ದರು. ವೀಬೆ ಇಡೀ ಊರಿನೊಂದಿಗೆ ವ್ಯಾಜ್ಯದಲ್ಲಿದ್ದ. ಎಲ್ಲರೂ ಅವನನ್ನು ಕಂಡರೆ ಪ್ರೀತಿಯಿಂದ ಬೆನ್ನು ತಟ್ಟುತ್ತಿದ್ದರು. ಹದಿಮೂರನೆಯ ಹಾಳೆ ತುಂಬಿ, ಹಿಂಬದಿಯೂ ತುಂಬಿ, ಉಳಿದ ಹನ್ನೆರಡು ಹಾಳೆಗಳು ಬೋಳುಬೋಳಾದವು. ಸಮಿತಿಗೆ ಹೊಸ ಕಟ್ಟಡವೂ ಆರು ಗುಮಾಸ್ತರೂ ಮಂಜೂರಾದರು. ಏಪ್ರಿಲಿನಿಂದ ನನ್ನ ಮನೆಯಲ್ಲೂ ಕರೆಂಟಿಲ್ಲ. ಮೇ ತಿಂಗಳಲ್ಲಿ ನಾನು ಅರವತ್ತೇಳು ತುಂಬಿ ನಿವೃತ್ತನಾಗಬೇಕಿತ್ತು, ಇವೆರಡಕ್ಕೂ ಸಂಬಂಧವಿಲ್ಲ.

ಟ್ರೈನ್ಚೆ ಅವರು ಮಾತ್ರ ಪ್ರತಿ ಸೋಮವಾರ ಹೊಸ ಕಟ್ಟಡದ ಮೆಟ್ಟಿಲು ಹತ್ತಿ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನನಗೆ ಎಂಬತ್ತಾಯ್ತಾ?"

"ಇನ್ನೂ ಇಲ್ಲ ಮೇಡಂ."

"ಬೇಗ ಆಗ್ಲಪ್ಪಾ. ಬರ್ತೀನಿ ಅಂದಿದ್ದೋರಲ್ಲಿ ನಾಲ್ಕು ಜನ ಆಗಲೇ ಹೋಗ್ಬಿಟ್ರು. ಅವರು ಯಾವ ಅರ್ಜೀನೂ ಹಾಕ್ಲಿಲ್ಲ."

ಮುಂದಿನ ಸೋಮವಾರ ಬನ್ನಿ ಎಂದೆ.

ನಾನೂರ ಹನ್ನೆರಡನೆಯ ಅಳತೆ ಮುಗಿದದ್ದು ಮರುವರ್ಷದ ನವೆಂಬರ್ ಕೊನೆಗೆ. ಸರಾಸರಿ ಎತ್ತರ ಒಂದು ಮೀಟರ್ ಇಪ್ಪತ್ತೊಂದು ಸೆಂಟಿಮೀಟರ್. ತರುವಾಯ ಸಮಿತಿಯು ವೀಬೆಯ ಬಾಕಿ ಆಕ್ಷೇಪಣೆಯನ್ನು ಪರಿಗಣಿಸಿ, ವೈರು ನೆಟ್ಟಗೆ ಹೋಗುವುದರಿಂದ ಎತ್ತರಕ್ಕೆ ಯಾವ ಮಹತ್ವವೂ ಇಲ್ಲವೆಂದು ಒಮ್ಮತದಿಂದ ಕಂಡುಕೊಂಡಿತು. ತೀರ್ಪು ಹೀಗೆ: ವೈರು ತನ್ನ ಜಾಗದಲ್ಲಿತ್ತು, ಮೊಳೆ ತನ್ನ ಜಾಗದಲ್ಲಿತ್ತು, ಎರಡೂ ಜಾಗ ಒಂದೇ ಆಗಿತ್ತು. ಯಾರದೂ ತಪ್ಪಿಲ್ಲ. ಬಿಲ್ಲು ಕೊಡಬಹುದು, ಮೊಳೆ ಕೀಳಬಹುದು. ಅರ್ಜಿದಾರರಿಗೆ ತೀರ್ಪಿನ ದಿನವೇ ಎಂಬತ್ತು ತುಂಬಿರುತ್ತದೆ.

ವೀಬೆ ಓಡಿದ. ಮೊಳೆ ಕಿತ್ತು, ವೈರಿನ ತುಂಡು ಬದಲಿಸಿದ. ಐದು ನಿಮಿಷವಲ್ಲ, ಏಳು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿದ್ದೇನೆ. ಸಂಜೆ ನಾಲ್ಕೂಮುಕ್ಕಾಲಿಗೆ ಆ ಪುಟ್ಟ ಮನೆಯ ದೀಪ ಹತ್ತಿತು. ಇಡೀ ಊರು ಕತ್ತಲಲ್ಲಿದ್ದುದರಿಂದ ಆ ಬೆಳಕು ಕಾಲುವೆಯ ಆಚೆಗೂ ಕಂಡಿತು.

ಜನ ಬಂದರು. ಇಪ್ಪತ್ಮೂರಲ್ಲ, ಮುನ್ನೂರು. ಒಳಗೆ ಗುಂಡಗೆ ಹಾಕಿದ ಕುರ್ಚಿಗಳು, ಹೊರಗೆ ಬೀದಿಯ ತುದಿಯವರೆಗೆ ಸಾಲು. ಆದರೆ ಯಾರೂ ಶುಭಾಶಯ ಹೇಳಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಬಂದು, ಆಕೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಗ್ಗಿದ ದನಿಯಲ್ಲಿ, "ಕೇಳಿ ತುಂಬಾ ಬೇಜಾರಾಯ್ತು" ಎಂದರು. "ಮೇಲ್ಮನವಿ ಹಾಕ್ಬಹುದಲ್ವಾ?" ಎಂದಳು ಬೇಕರಿಯ ಯಜಮಾನತಿ, ನಲವತ್ತೊಂಬತ್ತರ ಹರೆಯದವಳು, ಕಣ್ಣೊರೆಸಿಕೊಳ್ಳುತ್ತ. "ನಮ್ಮ ಕೈಯಲ್ಲಾದದ್ದೆಲ್ಲ ಮಾಡಿದೆವು," ಎಂದು ಅಧ್ಯಕ್ಷೆ ಟ್ರೈನ್ಚೆ ಅವರ ಭುಜ ಸವರಿದರು. ನಮ್ಮೂರಿನಲ್ಲಿ ಅಷ್ಟು ಹೊತ್ತಿಗೆ ಒಂದು ವರ್ಷದಿಂದ ಯಾರಿಗೂ ವಯಸ್ಸಾಗಿರಲಿಲ್ಲ.

ಟ್ರೈನ್ಚೆ ಅವರಿಗೆ ಇದಾವುದೂ ತಲೆಗೆ ಹೋಗಲಿಲ್ಲ. ನೀಲಿ ಅಂಗಿ ತೊಟ್ಟು, ದೀಪದ ಸರಿಯಾಗಿ ಕೆಳಗೆ ಕುರ್ಚಿ ಹಾಕಿಸಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಕೂತಿದ್ದರು. ಎಲ್ಲರ ತಟ್ಟೆಗೂ ಕೇಕು ಹಾಕಿಸಿದರು, ವೀಬೆಗೆ ಎರಡು ತುಂಡು. ಆಮೇಲೆ ಕಾಫಿಯ ಬಟ್ಟಲು ಎತ್ತಿ, ಸೇತುವೆಯ ಮೇಲಿಂದ ದೋಣಿಯವರನ್ನು ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಹೇಳಿದರು:

"ಮುಂದಿನ ವರ್ಷ ಎಂಬತ್ತೊಂದು! ಎಲ್ರೂ ಬರ್ಬೇಕು!"

ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಅಧ್ಯಕ್ಷೆ ನನ್ನ ಕಿವಿಯ ಹತ್ತಿರ ಬಗ್ಗಿ, "ವಯಸ್ಸಾದವರು, ಏನೋ ಅಂದಿದ್ದಾರೆ, ಬರೆದುಕೊಳ್ಳಬೇಡಿ," ಎಂದರು. ಬರೆದುಕೊಳ್ಳಲಿಲ್ಲ.